ಲೋಕಿ ಯಾರ ತಮ್ಮ? ಹದಿಹರೆಯದ ಕಾದಂಬರಿಗಳ ಕೈಗೆ ಸಿಕ್ಕ ನಾರ್ಸ್ ಪುರಾಣ

ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೆಯ ದೇವರುಗಳ ಕಥೆಯಾದ ನಾರ್ಸ್ ಪುರಾಣದ ಎಳೆ ಹಿಡಿದು ಬರೆದ ಹದಿಹರೆಯದವರ ಕಾದಂಬರಿ ಕೈಗೆ ಬಂದರೆ ಮೊದಲು ಹುಡುಕಬೇಕಾದ್ದು ಒಂದು ಸಂಬಂಧ: ಅದರಲ್ಲಿ ಕಿತಾಪತಿಯ ಲೋಕಿ, ಸುತ್ತಿಗೆ ಹಿಡಿದ ದೇವತೆ ಥೋರ್‌ಗೆ ಏನಾಗಬೇಕು? ಅಣ್ಣ ತಮ್ಮ ಎಂದಿದ್ದರೆ ಲೇಖಕರ ಓದು ಎಲ್ಲಿಂದ ಶುರುವಾಗಿದೆ ಎಂಬುದು ಅಲ್ಲಿಗೇ ಗೊತ್ತಾಗುತ್ತದೆ. ಅಮೆರಿಕದ ಮಾರ್ವೆಲ್ ಕಾಮಿಕ್ಸ್ 1962ರಲ್ಲಿ ಥೋರ್‌ನನ್ನು ತನ್ನ ನಾಯಕರ ಸಾಲಿಗೆ ಸೇರಿಸಿಕೊಂಡಿತು. ಲೋಕಿಯನ್ನು ಥೋರ್‌ನ ಅಪ್ಪ, ದೇವತೆಗಳ ಒಡೆಯ ಓಡಿನ್‌ನ ಸಾಕುಮಗನಾಗಿ ಮಾಡಿದ್ದೂ ಅದೇ. ಹಳೆಯ ಐಸ್‌ಲ್ಯಾಂಡಿನ ಬರಹಗಳಲ್ಲಿ ಲೋಕಿ ಫಾರ್ಬೌಟಿ ಎಂಬ ದೈತ್ಯನ ಮಗ. ಓಡಿನ್‌ಗೂ ಅವನಿಗೂ ಇರುವುದು ರಕ್ತ ಬೆರೆಸಿ ಆಣೆ ಮಾಡಿಕೊಂಡ ಸೋದರತನ. ಲೆಕ್ಕ ಹಾಕಿದರೆ ಲೋಕಿ ಥೋರ್‌ಗೆ ಚಿಕ್ಕಪ್ಪನಾಗುತ್ತಾನೆ.

ಹುಳುಕು ಹುಡುಕಲು ಈ ಮಾತು ಎತ್ತಿದ್ದಲ್ಲ. ಸಂಬಂಧ ಬದಲಾದರೆ ಕಥೆಯೇ ಬೇರೆಯಾಗುತ್ತದೆ. ಅಣ್ಣತಮ್ಮಂದಿರಾದರೆ ಅದು ಅಪ್ಪನ ಪ್ರೀತಿಗಾಗಿ, ಸಿಂಹಾಸನಕ್ಕಾಗಿ ನಡೆಯುವ ಮನೆಜಗಳ. ಆಣೆಯ ಸೋದರನಾದರೆ ಪ್ರಶ್ನೆ ಓಡಿನ್‌ನ ತಲೆಯ ಮೇಲೆ ಬರುತ್ತದೆ. ‘ಲೋಕಸೆನ್ನ’ ಎಂಬ ಪದ್ಯದಲ್ಲಿ ಕಡಲದೈತ್ಯ ಏಗಿರ್‌ನ ಮನೆಯಲ್ಲಿ ದೇವತೆಗಳಿಗೆಲ್ಲ ಔತಣ. ಲೋಕಿಗೆ ಕೂರಲು ಜಾಗ ಕೊಡುವವರಿಲ್ಲ. ಅವನು ಓಡಿನ್‌ಗೆ ಹಳೆಯ ಆಣೆ ನೆನಪಿಸುತ್ತಾನೆ: ನಾವು ರಕ್ತ ಬೆರೆಸಿದ ದಿನ, ಇಬ್ಬರಿಗೂ ಬಡಿಸದ ಮದ್ಯವನ್ನು ಒಬ್ಬನೇ ಮುಟ್ಟುವುದಿಲ್ಲ ಎಂದಿದ್ದೆಯಲ್ಲ? ಓಡಿನ್‌ಗೆ ಬೇರೆ ದಾರಿಯಿಲ್ಲ. ಮಗ ವಿದಾರ್‌ನ ಕಡೆ ತಿರುಗಿ, ಎದ್ದೇಳು, ತೋಳದ ಅಪ್ಪನಿಗೆ ಜಾಗ ಬಿಡು ಎನ್ನುತ್ತಾನೆ. ಮುಂದೆ ಓಡಿನ್‌ನನ್ನು ನುಂಗುವ ತೋಳ ಅದೇ ಲೋಕಿಯ ಮಗ. ಆ ತೋಳವನ್ನು ಕೊಲ್ಲುವವನು ಈಗ ಎದ್ದು ಜಾಗ ಬಿಟ್ಟ ವಿದಾರ್. ಎರಡು ಪದ್ಯಗಳೊಳಗೆ ಇಡೀ ಪ್ರಳಯ ಬಂದು ಬೆಂಚಿನ ಮೇಲೆ ಕೂತಿದೆ. ಸಾಕುಮಗನ ಕಥೆಯಲ್ಲಿ ಈ ಬೆಂಚಿಗೆ ಜಾಗವೇ ಇಲ್ಲ.

ಈ ಬಗೆಯ ಕಾದಂಬರಿಗಳು ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಬರುತ್ತಿವೆ. ಸಿನಿಮಾ, ವಿಡಿಯೊ ಗೇಮ್, ಓಟಿಟಿ ಸರಣಿಗಳು ಅದಕ್ಕೆ ಗಾಳಿ ಹಾಕುತ್ತಿವೆ. ತೊಂದರೆ ಏನೆಂದರೆ ಹೊಸ ಪುಸ್ತಕ ಹಳೆಯ ಗೇಮಿನಿಂದಲೂ, ಗೇಮು ಸಿನಿಮಾದಿಂದಲೂ, ಸಿನಿಮಾ ಕಾಮಿಕ್ಸ್‌ನಿಂದಲೂ ಎತ್ತಿಕೊಳ್ಳುತ್ತ ಹೋಗಿ, ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಅಕ್ಷರ ಮಸುಕಾಗುತ್ತಿದೆ. ಹಾಗೆ ಮಸುಕಾದಾಗ ಮೊದಲು ಅಳಿಸಿಹೋಗುವುದು ಹದಿಹರೆಯದ ಓದುಗರಿಗೆ ಅತಿ ಹತ್ತಿರವಾದ ಭಾಗವೇ.

ಮೂಲ ಇರುವುದು ಎಷ್ಟು?

ಬಹಳ ಕಡಿಮೆ. ಮುಖ್ಯವಾಗಿ ಎರಡು ಪುಸ್ತಕ. ಒಂದು, ಐಸ್‌ಲ್ಯಾಂಡಿನ ಕವಿ ಸ್ನೋರಿ ಸ್ಟುರ್ಲುಸನ್ ಸುಮಾರು 1220ರಲ್ಲಿ ಬರೆದ ಗದ್ಯ ಎಡ್ಡ. ಇನ್ನೊಂದು, 1270ರ ಆಸುಪಾಸಿನ ‘ಕೋಡೆಕ್ಸ್ ರೇಗಿಯಸ್’ ಎಂಬ ಚರ್ಮದ ಹಸ್ತಪ್ರತಿಯಲ್ಲಿರುವ ಪದ್ಯ ಎಡ್ಡ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮ ಒಪ್ಪಿದ್ದು 1000ದ ಸುಮಾರಿಗೆ. ಅಂದರೆ ಸ್ನೋರಿ ಬರೆಯಲು ಕೂತಾಗ ಈ ದೇವರುಗಳ ಪೂಜೆ ನಿಂತು ಇನ್ನೂರು ವರ್ಷ ದಾಟಿತ್ತು. ಅವನೂ ಕ್ರೈಸ್ತ. ಅವನಿಗೆ ಬೇಕಾಗಿದ್ದದ್ದು ಪೂಜಾವಿಧಿ ಅಲ್ಲವೇ ಅಲ್ಲ. ಹಳೆಯ ಕವಿಗಳ ಒಗಟಿನಂಥ ಮಾತುಗಳನ್ನು ಹೊಸ ಹುಡುಗರು ಮರೆಯಬಾರದೆಂಬುದು ಅವನ ಚಿಂತೆ. ಬಂಗಾರವನ್ನು ಥೋರ್‌ನ ಹೆಂಡತಿಯ ಹೆಸರಿಟ್ಟು ‘ಸಿಫ್‌ಳ ಕೂದಲು’ ಎಂದೇಕೆ ಕರೆಯುತ್ತಾರೆ, ಹಡಗು ಹೇಗೆ ‘ಕಡಲ ಕುದುರೆ’ಯಾಯಿತು ಎಂದು ವಿವರಿಸಲು ಹೋಗಿ ಕಥೆ ಹೇಳುತ್ತಾನೆ.

ಕನ್ನಡದ ಓದುಗರಿಗೆ ಈ ಸನ್ನಿವೇಶ ಅಪರಿಚಿತವಲ್ಲ. ಕವಿಗಳಿಗೆ ಕೈಪಿಡಿ ಎಂದರೆ ನಮಗೆ ‘ಕವಿರಾಜಮಾರ್ಗ’ ಇದೆ. ತನ್ನದಲ್ಲದ ಧರ್ಮದ ಕಥೆಯನ್ನು ಆಸೆಪಟ್ಟು ಬರೆದು, ಅದರೊಳಗೆ ತನ್ನ ಅರಸನನ್ನು ಹೊಗಳಿದವನೆಂದರೆ ಜೈನನಾದ ಪಂಪ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ್ದು ನೆನಪಿರಬಹುದು. ಸ್ನೋರಿಯೂ ಎಡ್ಡದ ಕೊನೆಯ ಭಾಗದಲ್ಲಿ ನಾರ್ವೆಯ ದೊರೆ ಹಾಕೋನ್‌ನನ್ನು ಹೊಗಳಿ ನೂರಕ್ಕೂ ಹೆಚ್ಚು ಪದ್ಯ ಬರೆದ. ಅದೇ ದೊರೆಯ ಕಡೆಯವರು 1241ರಲ್ಲಿ ಅವನನ್ನು ಅವನ ಮನೆಯ ನೆಲಮಾಳಿಗೆಯಲ್ಲೇ ಕೊಂದರು. ಇಷ್ಟು ಹೇಳಿದ್ದು ಯಾಕೆಂದರೆ, ಮೂಲವನ್ನೇ ಬದಲಿಸಬಾರದು ಎಂಬ ಮಡಿವಂತಿಕೆಗೆ ಇಲ್ಲಿ ಅರ್ಥವಿಲ್ಲ. ನಮಗೆ ಸಿಕ್ಕಿರುವ ಮೂಲವೇ ಒಂದು ಮರುಹೇಳಿಕೆ.

ಅದೂ ಹರಿದದ್ದು. ಕೋಡೆಕ್ಸ್ ರೇಗಿಯಸ್‌ನಲ್ಲಿ ಉಳಿದಿರುವುದು 45 ಹಾಳೆ. ನಡುವೆ 8 ಹಾಳೆ ಕಳೆದುಹೋಗಿವೆ, ಅದೂ ವೀರ ಸಿಗುರ್ದ್‌ನ ಕಥೆ ಕಾವೇರುವ ಜಾಗದಲ್ಲಿ. 1643ರಲ್ಲಿ ಐಸ್‌ಲ್ಯಾಂಡಿನ ಬಿಷಪ್ಪರೊಬ್ಬರ ಕೈಗೆ ಸಿಕ್ಕಿ, 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋದ ಈ ಪ್ರತಿ ಐಸ್‌ಲ್ಯಾಂಡಿಗೆ ಹಡಗಿನಲ್ಲಿ ವಾಪಸಾದದ್ದು 1971ರ ಏಪ್ರಿಲ್ 21ರಂದು.

ಹೀಗಾಗಿ ಕಾದಂಬರಿಗಳ ಮೊದಲ ಪುಟದಲ್ಲಿ ಅಚ್ಚಾಗುವ ‘ಒಂಬತ್ತು ಲೋಕಗಳ ನಕ್ಷೆ’ಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಒಂಬತ್ತು ಲೋಕಗಳೆಂಬ ಮಾತು ಪದ್ಯಗಳಲ್ಲಿದೆ, ನಿಜ. ಆದರೆ ಆ ಒಂಬತ್ತು ಯಾವುವು ಎಂಬ ಪಟ್ಟಿ ಎಲ್ಲಿಯೂ ಇಲ್ಲ. ಈಗ ಓಡಾಡುತ್ತಿರುವ ಪಟ್ಟಿ ಅಲ್ಲಲ್ಲಿ ಸಿಕ್ಕ ಹೆಸರುಗಳನ್ನು ಆಧುನಿಕರು ಕೂಡಿಸಿದ್ದು. ಲೇಖಕರಿಗೆ ಇದು ಬಂಧನವಾಗಬೇಕಿಲ್ಲ. ಖಾಲಿ ಇರುವ ಜಾಗ ಸಿಕ್ಕಾಗ ಬೇರೆಯವರ ಪೀಠೋಪಕರಣ ತಂದು ತುಂಬುವುದೇಕೆ?

ವಲ್‌ಹಲ್ಲ ಎಂಬ ಸ್ವರ್ಗದ ವಿಷಯದಲ್ಲೂ ಇದೇ ಎಡವಟ್ಟು. ಕಾದಾಡಿ ಸತ್ತವರೆಲ್ಲ ಅಲ್ಲಿಗೆ ಹೋಗುವುದಿಲ್ಲ, ಅರ್ಧ ಪಾಲು ಫ್ರೇಯಾ ಎಂಬ ದೇವತೆಯ ಬಯಲಿಗೆ. ಕಾಯಿಲೆ, ಮುಪ್ಪಿನಿಂದ ಸತ್ತವರು ಸತ್ತವರ ಲೋಕದ ಒಡತಿ ಹೆಲ್‌ಳ ಬಳಿಗೆ; ಆ ಲೋಕದ ಹೆಸರೂ ಹೆಲ್. ದೇವತೆಗಳ ಕಣ್ಮಣಿಯಾದ ಬಾಲ್ಡರ್ ಕೂಡ ಹೋದದ್ದು ಹೆಲ್‌ಗೇ, ಅದೂ ಯಾವ ಪಾಪ ಮಾಡದೆ. ಅದನ್ನು ನರಕ ಎಂದು ಬರೆದ ಕೂಡಲೇ ಕಥೆಗೆ ಬೇರೆ ಧರ್ಮದ ನ್ಯಾಯ ನುಸುಳುತ್ತದೆ. ಇನ್ನೊಂದು ಸ್ವಾರಸ್ಯ: ವಲ್‌ಹಲ್ಲಕ್ಕೆ 540 ಬಾಗಿಲು, ಕೊನೆಯ ದಿನ ಒಂದೊಂದರಿಂದಲೂ 800 ವೀರರು ಹೊರಡುತ್ತಾರೆ ಎನ್ನುತ್ತದೆ ಪದ್ಯ. ಗುಣಿಸಿದರೆ 4,32,000. ನಮ್ಮ ಪಂಚಾಂಗದ ಕಲಿಯುಗದ ವರ್ಷಗಳೂ ಅಷ್ಟೇ! ಇದನ್ನು ಹಿಡಿದು ಎರಡು ಪುರಾಣಗಳ ಬೇರು ಒಂದೇ ಎನ್ನುವ ವಾಟ್ಸ್ಯಾಪ್ ಸಂಶೋಧನೆ ಮಾಡುವ ಮುಂಚೆ ಒಂದು ಎಚ್ಚರಿಕೆ. ಹಳೆಯ ನಾರ್ಸ್ ಲೆಕ್ಕದಲ್ಲಿ ‘ನೂರು’ ಎಂದರೆ 120 ಎಂಬ ಅರ್ಥವೂ ಇತ್ತು. ಆಗ 540 ಎಂಬುದು 640, 800 ಎಂಬುದು 960 ಆಗಿ, ಮೊತ್ತ 6,14,400ಕ್ಕೆ ಹೋಗಿ, ಕಲಿಯುಗ ಕೈಬಿಟ್ಟುಹೋಗುತ್ತದೆ.

ಕೊಂಬಿನ ಶಿರಸ್ತ್ರಾಣದ ಬಗ್ಗೆ ಒಂದೇ ಮಾತು ಸಾಕು. ಅದು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಗೀತನಾಟಕಕ್ಕೆ ಹೊಲಿದ ವೇಷ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಸಿಕ್ಕ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬಿಲ್ಲ.

ಬರೆಯಲು ಹೊರಡುವವರಿಗೆ ಹಕ್ಕಿನ ಪ್ರಶ್ನೆಯೂ ಇದೆ. ಎಡ್ಡಗಳ ಮೂಲಪಠ್ಯ ಯಾರ ಸ್ವತ್ತೂ ಅಲ್ಲ, ಆದರೆ ಅನುವಾದ ಅನುವಾದಕರದ್ದು. ಹೆನ್ರಿ ಆಡಮ್ಸ್ ಬೆಲ್ಲೋಸ್ 1923ರಲ್ಲಿ ಪ್ರಕಟಿಸಿದ ಪದ್ಯ ಎಡ್ಡದ ಇಂಗ್ಲಿಷ್ ಅನುವಾದವನ್ನು ಧಾರಾಳವಾಗಿ ಬಳಸಬಹುದು. ಅವರು ತೀರಿಕೊಂಡದ್ದು 1939ರಲ್ಲಿ, ಭಾರತದ ಕಾಯ್ದೆಯಂತೆ ಹಕ್ಕು ಇರುವುದು ಸತ್ತ 60 ವರ್ಷದವರೆಗೆ. 1990ರ ನಂತರದ ಒಳ್ಳೆಯ ಅನುವಾದಗಳು ಓದಲು ಇನ್ನೂ ಚೆನ್ನಾಗಿವೆ, ಆದರೆ ಅವುಗಳ ಸಾಲು ಎತ್ತಿ ಅಧ್ಯಾಯದ ಮೇಲೆ ಅಂಟಿಸಿದರೆ ಅನುಮತಿ ಬೇಕು. ಲಂಡನ್ನಿನ ವೈಕಿಂಗ್ ಸೊಸೈಟಿ ಸ್ನೋರಿಯ ಪೂರ್ಣ ಅನುವಾದವನ್ನು ಉಚಿತ ಪಿಡಿಎಫ್ ಆಗಿ ಕೊಡುತ್ತದೆ. ಉಚಿತವಾಗಿ ಓದಲು ಸಿಕ್ಕಿದ್ದು ಉಚಿತವಾಗಿ ಅಚ್ಚು ಹಾಕಲು ಸಿಕ್ಕಂತಲ್ಲ. ಥೋರ್ ಎಲ್ಲರವನು, ಆದರೆ ಕೆಂಪು ಹೊದಿಕೆ ತೊಟ್ಟ ಚಿನ್ನದ ಕೂದಲಿನ ಥೋರ್ ಒಂದು ಕಂಪನಿಯವನು. ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಗಳಾದ ಸಾಗಾಗಳ ಥೋರ್‌ನ ಗಡ್ಡ ಕೆಂಪು.

ಕನ್ನಡದಲ್ಲಿ ಹೆಸರು ಬರೆಯುವ ಪಾಡು

ಇಲ್ಲಿ ‘ಥೋರ್’ ಎಂದು ಬರೆದಿರುವುದಕ್ಕೆ ಕಾರಣವಿದೆ. ಹಳೆಯ ನಾರ್ಸ್‌ನಲ್ಲಿ ಆ ಹೆಸರಿನ ಸ್ವರ ದೀರ್ಘ ಓ. ಇಂಗ್ಲಿಷಿನ ಮೂಲಕ ಬಂದ ‘ಥಾರ್’ ಎಂದರೆ ಕರ್ನಾಟಕದ ಹುಡುಗರಿಗೆ ಮೊದಲು ಕಣ್ಣಿಗೆ ಕಟ್ಟುವುದು ಜೀಪು. ಕೈ ಕಳೆದುಕೊಂಡ ದೇವತೆಯನ್ನು ‘ಟೈರ್’ ಎಂದು ಬರೆದರೆ ಪಂಕ್ಚರ್ ಅಂಗಡಿಯೇ ಗತಿ. ಈಗಿನ ಐಸ್‌ಲ್ಯಾಂಡಿಕ್ ಉಚ್ಚಾರ ಹಿಡಿದು ‘ತೀರ್’ ಎನ್ನಬಹುದು. ಓಡಿನ್‌ನ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಮೂಲದ ಧ್ವನಿಗೆ ‘ಡ’ಗಿಂತ ‘ದ’ ಹತ್ತಿರ, ಆದರೆ ‘ಓದಿನ್‌ನ ಕಣ್ಣು’ ಎಂದು ಬರೆದರೆ ‘ಓದಿನ ಕಣ್ಣು’ ಎಂದು ಯಾರಾದರೂ ಓದುತ್ತಾರೆ. ಬುದ್ಧಿಗಾಗಿ ಒಂದು ಕಣ್ಣನ್ನೇ ಮೀಮಿರ್‌ನ ಬಾವಿಗೆ ಕೊಟ್ಟವನಿಗೆ ಆ ಹೆಸರು ಒಪ್ಪುತ್ತದಾದರೂ, ವಿಭಕ್ತಿ ಹಚ್ಚುವಾಗ ಪುಟಪುಟಕ್ಕೂ ಗೊಂದಲ.

ಒಂದು ಕಡೆ ಮಾತ್ರ ಕನ್ನಡ ಇಂಗ್ಲಿಷನ್ನು ಮೀರಿಸುತ್ತದೆ. ದೇವತೆಗಳ ಎದುರಾಳಿ ಕುಲದ ಹೆಸರಾದ ‘ಯೋತುನ್’ ಎಂಬುದನ್ನು ಇಂಗ್ಲಿಷಿನವರು ಆಳೆತ್ತರವನ್ನಷ್ಟೇ ಸೂಚಿಸುವ ‘ಜೈಂಟ್’ ಎಂಬ ಪದದಿಂದ ಅನುವಾದಿಸಿ ಕೆಡಿಸಿಕೊಂಡಿದ್ದಾರೆ. ಯೋತುನ್‌ಗಳೆಲ್ಲ ಬೆಟ್ಟದಷ್ಟು ದೊಡ್ಡವರಲ್ಲ. ಗೆರ್ದ್ ಎಂಬ ಯೋತುನ್ ಹುಡುಗಿಯ ತೋಳಿನ ಹೊಳಪಿಗೆ ಸಮುದ್ರ, ಆಕಾಶ ಬೆಳಗಿದವೆಂದು ಪದ್ಯವಿದೆ. ಓಡಿನ್‌ನ ತಾಯಿ ಬೆಸ್ಟ್ಲ ಯೋತುನ್ ಕುಲದವಳು. ಥೋರ್‌ನ ತಾಯಿಯೂ ಆ ಕಡೆಯವಳೇ. ಅಂದರೆ ಇದು ದಾಯಾದಿಗಳ ಜಗಳ. ಅದಿತಿಯ ಮಕ್ಕಳು ಒಂದು ಕಡೆ, ದಿತಿಯ ಮಕ್ಕಳು ಇನ್ನೊಂದು ಕಡೆ ಎಂದು ಕೇಳಿ ಬೆಳೆದವರಿಗೆ ‘ದೈತ್ಯ’ ಎಂಬ ಪದದಲ್ಲೇ ಈ ನಂಟು ಕೇಳಿಸುತ್ತದೆ. ‘ರಾಕ್ಷಸ’ ಎಂದು ಬರೆದರೆ ಅದು ಹೋಯಿತು.

ನಾರ್ವೆಯ ಊರೊಂದರಲ್ಲಿ ನಡೆಯುವ ‘ರಾಗ್ನರೋಕ್’ ಎಂಬ ನೆಟ್‌ಫ್ಲಿಕ್ಸ್ ಸರಣಿ (2020–23) ಈ ನಂಟನ್ನು ಜಾಣತನದಿಂದ ಬಳಸಿತು. ಅಲ್ಲಿ ಯೋತುನ್‌ಗಳು ಊರಿನ ಕಾರ್ಖಾನೆಯ ಒಡೆಯರು, ಅವರ ಮಕ್ಕಳು ನಾಯಕನ ಸಹಪಾಠಿಗಳು. ಹಿಮನದಿ ಕರಗುತ್ತಿದೆ, ನೀರು ಕೆಡುತ್ತಿದೆ. ಶತ್ರು ಬೆಟ್ಟದಾಚೆ ಇಲ್ಲ, ಮುಂದಿನ ಬೆಂಚಿನಲ್ಲಿದ್ದಾನೆ.

ರೂನ್ ಅಕ್ಷರಗಳಲ್ಲಿ ಅಡಗಿದ ಮುಜುಗರ

ಮುಖಪುಟಕ್ಕೆ ನಾರ್ಸ್ ಜನರ ಹಳೆಯ ರೂನ್ ಲಿಪಿ ಬೇಕೇ ಬೇಕೆನ್ನುತ್ತಾರೆ ಪ್ರಕಾಶಕರು. ಇಂಟರ್‌ನೆಟ್ಟಿನಲ್ಲಿ ಸಿಗುವ ಪರಿವರ್ತಕಕ್ಕೆ ಇಂಗ್ಲಿಷ್ ಪದ ಹಾಕಿ ಅಕ್ಷರಕ್ಕೆ ಅಕ್ಷರ ಇಳಿಸುವುದು ರೂಢಿ. ಎರಡು ತಪ್ಪು ಅಲ್ಲೇ ಆಗುತ್ತವೆ. ಆ ಪರಿವರ್ತಕಗಳು ಸಾಮಾನ್ಯವಾಗಿ ಬಳಸುವುದು 24 ಅಕ್ಷರಗಳ ಹಿರಿಯ ಫುಥಾರ್ಕ್ ಎಂಬ ರೂನ್ ಅಕ್ಷರಮಾಲೆ. ವೈಕಿಂಗ್ ಕಾಲದಲ್ಲಿ ಬಳಕೆಯಲ್ಲಿದ್ದದ್ದು 16 ಅಕ್ಷರಗಳ ಕಿರಿಯ ಫುಥಾರ್ಕ್. ಎರಡನೆಯದಾಗಿ, ಕಿರಿಯ ಫುಥಾರ್ಕ್‌ನಲ್ಲಿ ಕ-ಗಗಳಿಗೆ ಒಂದೇ ಅಕ್ಷರ, ತ-ದಗಳಿಗೂ ಒಂದೇ, ಓಕಾರಕ್ಕೆ ಬೇರೆ ಗುರುತಿಲ್ಲ. ತಮಿಳು ಲಿಪಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿ ಹರಾಲ್ಡ್ ದೊರೆ ಸುಮಾರು 965ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಅವನ ಅಪ್ಪ ಗೋರ್ಮ್‌ನ ಹೆಸರು ‘ಕುರ್ಮ್’ ಎಂದು ಕೆತ್ತಿದೆ. ಹಾಗಾಗಿ ಮೊದಲು ಪದವನ್ನು ಹಳೆಯ ನಾರ್ಸ್‌ಗೆ ತಂದು, ಆಮೇಲೆ ಉಚ್ಚಾರವನ್ನು 16 ಅಕ್ಷರಗಳಿಗೆ ಹೊಂದಿಸಿ, ಕೊನೆಗೆ ನಿಜವಾದ ಕಲ್ಲಿನ ಬರಹದ ಜೊತೆ ಹೋಲಿಸಿ ನೋಡಬೇಕು. ಭವಿಷ್ಯ ಹೇಳುವ ‘ಖಾಲಿ ರೂನ್’ ಬಂದರೆ ಅದು 1980ರ ದಶಕದ ಕಟ್ಟು ಎಂದು ತಿಳಿಯಿರಿ.

ಇದಕ್ಕಿಂತ ದೊಡ್ಡ ಮುಜುಗರ ರಾಜಕೀಯದ್ದು. ನಾಜಿಗಳ ಎಸ್‌ಎಸ್ ಪಡೆ ತನ್ನ ಲಾಂಛನಕ್ಕೆ ಜೋಡಿ ರೂನ್ ಬಳಸಿತು. ಆಸ್ತಿ, ಪಿತ್ರಾರ್ಜಿತ ಎಂಬ ಅರ್ಥದ ಓದಲ್ ರೂನನ್ನೂ ಅದರ ತುಕಡಿಗಳು ಧರಿಸಿದವು. ಇವತ್ತಿನ ಬಿಳಿಯ ಜನಾಂಗವಾದಿ ಗುಂಪುಗಳು ಅದನ್ನೇ ಮುಂದುವರಿಸಿವೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲಿ ಕೊಂಬು ತೊಟ್ಟವನ ಮೈಮೇಲೆ ಥೋರ್‌ನ ಸುತ್ತಿಗೆಯ ಹಚ್ಚೆ ಇತ್ತು. ಇತ್ತ ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಶುರುವಾದ, ಹಳೆಯ ನಾರ್ಸ್ ದೇವರುಗಳನ್ನು ಪೂಜಿಸುವ ಆಸಾತ್ರು ಸಂಘಕ್ಕೆ ಇದೇ ಸುತ್ತಿಗೆ ಪೂಜ್ಯ. ಅಮೆರಿಕದ ಸೈನಿಕರ ಗೋರಿಕಲ್ಲಿನ ಮೇಲೆ ಕೆತ್ತಲು 2013ರಿಂದ ಅನುಮತಿಯೂ ಇದೆ. ಸ್ವಸ್ತಿಕದ ಗತಿ ಗೊತ್ತಿರುವ ನಮಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಮುಖಪುಟದಲ್ಲಿ ಓದಲ್ ರೂನ್, ಜೋಡಿ ಮಿಂಚಿನ ಗುರುತು ಬೇಡ. ಸುತ್ತಿಗೆ ಇರಲಿ, ಆದರೆ ಅದನ್ನು ಹಿಡಿದವರು ಯಾರು ಎಂಬುದನ್ನು ಕಥೆ ಹೇಳಲಿ.

ಹಾಗೆ ಹೇಳಿದ ಪುಸ್ತಕಗಳಿವೆ. ರಿಕ್ ರಿಯೊರ್ಡನ್‌ರ ಮ್ಯಾಗ್ನಸ್ ಚೇಸ್ ಸರಣಿಯಲ್ಲಿ (2015–17) ಸತ್ತ ವೀರರನ್ನು ವಲ್‌ಹಲ್ಲಕ್ಕೆ ಒಯ್ಯುವ ವಾಲ್ಕಿರಿಯೊಬ್ಬಳು ಮುಸ್ಲಿಂ ಹುಡುಗಿ, ಒಬ್ಬ ಎಲ್ಫ್‌ಗೆ ಕಿವಿ ಕೇಳಿಸದು, ಲೋಕಿಯ ಸಂತಾನವೊಂದು ಗಂಡು ಹೆಣ್ಣಿನ ನಡುವೆ ಹರಿಯುತ್ತಿರುತ್ತದೆ. ಎರಡನೆಯ ಪುಸ್ತಕಕ್ಕೆ 2017ರಲ್ಲಿ ಅಮೆರಿಕದ ಸ್ಟೋನ್‌ವಾಲ್ ಪ್ರಶಸ್ತಿ ಬಂತು. ಪುರಾಣಕ್ಕೆ ಹೊಸ ಕಾಲದ್ದನ್ನು ತುರುಕಿದ್ದಾರೆ ಎಂದು ಗೊಣಗುವವರು ಮೂಲವನ್ನು ತೆರೆದು ನೋಡಬೇಕು. ಎಂಟು ಕಾಲಿನ ಕುದುರೆ ಸ್ಲೇಪ್ನಿರ್‌ಗೆ ಲೋಕಿ ಅಪ್ಪನಲ್ಲ, ಹೆತ್ತ ತಾಯಿ. ಸುತ್ತಿಗೆ ಕದ್ದ ದೈತ್ಯನ ಮನೆಗೆ ಥೋರ್ ಮದುಮಗಳ ವೇಷ ತೊಟ್ಟೇ ಹೋಗಿ, ಒಂದು ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ಪೀಪಾಯಿ ಮದ್ಯ ಕುಡಿಯುತ್ತಾನೆ. ಕಕ್ಕಾಬಿಕ್ಕಿಯಾದ ವರನಿಗೆ ದಾಸಿಯ ವೇಷದ ಲೋಕಿ ಹೇಳುತ್ತಾನೆ: ಪಾಪ, ನಿಮ್ಮನ್ನು ಕಾಣುವ ಆಸೆಗೆ ಎಂಟು ರಾತ್ರಿಯಿಂದ ಏನೂ ತಿಂದಿಲ್ಲ. ಹಾಗೆಂದು ಆ ಸಮಾಜ ಇದನ್ನೆಲ್ಲ ಮೆಚ್ಚಿತ್ತು ಎನ್ನಲಾಗದು. ಗಂಡಸನ್ನು ಹೆಣ್ಣಿಗ ಎನ್ನುವುದು ಅಲ್ಲಿ ಕೊಲೆಗೆ ದಾರಿಯಾಗುವಷ್ಟು ದೊಡ್ಡ ಬೈಗುಳ. ನಗು, ಭಯ ಎರಡೂ ಒಟ್ಟಿಗಿದ್ದವು.

ತೋಳಕ್ಕೆ ಊಟ ಹಾಕಿದವನು

ಮಸುಕಾಗಿ ಹೋಗುತ್ತಿದೆ ಎಂದದ್ದು ಯಾವುದು ಎಂದರೆ, ಲೋಕಿಯ ಮಗನಾದ ಆ ತೋಳ, ಫೆನ್ರಿರ್‌ನ ಕಥೆ ನೋಡಿ. ಪರದೆಯ ಮೇಲೆ ಫೆನ್ರಿರ್ ಎಂದರೆ ಕಟ್ಟಡದಷ್ಟು ಎತ್ತರದ, ಗುರ್ರೆನ್ನುವ ಗ್ರಾಫಿಕ್ಸ್ ತೋಳ. ಸ್ನೋರಿಯಲ್ಲಿ ಅದು ದೇವತೆಗಳ ಮನೆಯಲ್ಲೇ ಬೆಳೆದ ಮರಿ. ಹತ್ತಿರ ಹೋಗಿ ಊಟ ಹಾಕುವ ಧೈರ್ಯ ಇದ್ದದ್ದು ತೀರ್‌ಗೊಬ್ಬನಿಗೇ. ಮರಿ ದಿನದಿನಕ್ಕೂ ದೊಡ್ಡದಾಗುತ್ತದೆ, ಇದರಿಂದಲೇ ನಿಮಗೆ ಕೇಡು ಎಂಬ ಭವಿಷ್ಯವಾಣಿಗಳು ಬರುತ್ತವೆ. ಅಲ್ಲಿಯತನಕ ತೋಳ ಯಾರಿಗೂ ಏನೂ ಮಾಡಿಲ್ಲ.

ದೇವತೆಗಳು ಆಟದ ನೆಪದಲ್ಲಿ ಲೇದಿಂಗ್ ಎಂಬ ಸಂಕೋಲೆ ತಂದು, ಇದನ್ನು ಹರಿಯುತ್ತೀಯಾ ಎನ್ನುತ್ತಾರೆ. ಒಂದೇ ಒದೆತಕ್ಕೆ ಹರಿಯುತ್ತದೆ. ಅದರ ಎರಡರಷ್ಟು ಗಟ್ಟಿಯಾದ ದ್ರೋಮಿಯೂ ಚೂರಾಗುತ್ತದೆ. ಮೂರನೆಯದನ್ನು ಕುಬ್ಜರಿಂದ ಮಾಡಿಸುತ್ತಾರೆ: ಬೆಕ್ಕಿನ ಹೆಜ್ಜೆಯ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು. ಆರು ಸಾಮಾನಿನಿಂದ ಆದದ್ದು ರೇಷ್ಮೆ ಪಟ್ಟಿಯಷ್ಟು ನುಣುಪಾದ ಗ್ಲೇಪ್ನಿರ್. ತೋಳಕ್ಕೆ ಅನುಮಾನ. ಇಷ್ಟು ತೆಳ್ಳಗಿನದನ್ನು ಹರಿದರೆ ನನಗೇನು ಹೆಸರು ಬಂದೀತು, ಮೋಸವಿದ್ದರೆ ನನ್ನ ಕಾಲಿಗೆ ಅದು ಬೇಡ ಎನ್ನುತ್ತದೆ. ಕೊನೆಗೆ ಒಂದು ಷರತ್ತು: ಮೋಸವಿಲ್ಲ ಎಂಬುದಕ್ಕೆ ಒಬ್ಬರು ನನ್ನ ಬಾಯಲ್ಲಿ ಕೈ ಇಡಲಿ. ದೇವತೆಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬಲಗೈ ಚಾಚಿದವನು ತೀರ್. ಎಷ್ಟು ಕೊಸರಿದರೂ ಪಟ್ಟಿ ಬಿಗಿಯಾಗುತ್ತ ಹೋದಾಗ ಎಲ್ಲರೂ ನಕ್ಕರು, ತೀರ್ ಒಬ್ಬನನ್ನು ಬಿಟ್ಟು. ಅವನ ಕೈ ಹೋಗಿತ್ತು. ಬಾಯಿಗೆ ಅಡ್ಡಲಾಗಿ ಕತ್ತಿ ಸಿಕ್ಕಿಸಿದ ಮೇಲೆ ಸುರಿದ ಜೊಲ್ಲೇ ಒಂದು ನದಿಯಾಯಿತು. ಅದರ ಹೆಸರು ‘ವಾನ್’. ಅರ್ಥ: ಭರವಸೆ.

ತಂಗಿ-ತಮ್ಮಂದಿರ ವಯಸ್ಸಿನ ಓದುಗರಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದು? ಮುಂದೆ ನೀನು ಕೆಟ್ಟವನಾಗುತ್ತೀ ಎಂದು ದೊಡ್ಡವರು ಮೊದಲೇ ತೀರ್ಮಾನಿಸಿ ಕಟ್ಟಿಹಾಕುತ್ತಾರೆ, ಕಟ್ಟಿಹಾಕಿದ್ದಕ್ಕೇ ಅವನು ಹಾಗಾಗುತ್ತಾನೆ. ನಂಬಿದವನೇ ಮೋಸದಲ್ಲಿ ಪಾಲುದಾರ, ಬೆಲೆ ತೆತ್ತವನೂ ಅವನೇ. ಊಟ ಹಾಕುವ ದೃಶ್ಯವನ್ನು ಬಿಟ್ಟು ನೇರ ಯುದ್ಧಕ್ಕೆ ಹಾರುವ ಕಾದಂಬರಿ ಈ ಬಂಡವಾಳವನ್ನೆಲ್ಲ ಚೆಲ್ಲಿಬಿಡುತ್ತದೆ.

ಕೊನೆ ಗೊತ್ತಿದ್ದರೆ ಆಯ್ಕೆ ಎಲ್ಲಿ?

ಇನ್ನು ಹೆಣಗಾಟವಿರುವುದು ರಾಗ್ನರೋಕ್ ಎಂಬ ಪ್ರಳಯದಲ್ಲಿ. ಹದಿಹರೆಯದ ಕಾದಂಬರಿ ನಿಲ್ಲುವುದೇ ನಾಯಕಿಯ ಆಯ್ಕೆಯಿಂದ ಏನಾದರೂ ಬದಲಾಗುತ್ತದೆ ಎಂಬುದರ ಮೇಲೆ. ಇಲ್ಲಿ ನೋಡಿದರೆ ಯಾರನ್ನು ಯಾರು ಕೊಲ್ಲುತ್ತಾರೆ ಎಂಬುದೂ ಮೊದಲೇ ಗೊತ್ತು. ನಡುವೆ ಬೇಸಿಗೆಯೇ ಇಲ್ಲದ ಮೂರು ಚಳಿಗಾಲ, ಆಮೇಲೆ ತೋಳ ಓಡಿನ್‌ನನ್ನು ನುಂಗುತ್ತದೆ, ಥೋರ್ ಸರ್ಪವನ್ನು ಕೊಂದು ಒಂಬತ್ತು ಹೆಜ್ಜೆ ನಡೆದು ಅದರ ವಿಷಕ್ಕೆ ಬೀಳುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ಓಡಿನ್ ಸೈನ್ಯ ಕೂಡಿಸುತ್ತಲೇ ಇರುತ್ತಾನೆ.

ಇಲ್ಲಿ ಲೇಖಕರು ಹೆಚ್ಚಾಗಿ ಮಾಡುವುದು ಪ್ರಳಯವನ್ನು ರದ್ದುಪಡಿಸುವುದು, ಇಲ್ಲವೇ ಮುಂದಿನ ಭಾಗಕ್ಕೆ ಮುಂದೂಡುವುದು. ರದ್ದಾದರೆ ಈ ಪುರಾಣಕ್ಕೆ ಬೇರೆ ಪುರಾಣಗಳಿಗಿಲ್ಲದ ಬಣ್ಣ ಕೊಟ್ಟದ್ದೇ ಹೋಗುತ್ತದೆ. ಮೂರು ಸಲ ಮುಂದೂಡಿದರೆ ಓದುವ ಹುಡುಗರೇ ಹೆದರುವುದನ್ನು ಬಿಡುತ್ತಾರೆ. ಸ್ನೋರಿಯಲ್ಲೇ ಇನ್ನೊಂದು ದಾರಿ ಇದೆ, ಅದರ ಕಡೆ ಕಣ್ಣು ಹಾಯಿಸಿದವರು ಕಡಿಮೆ. ವಿದಾರ್ ತೋಳದ ಕೆಳದವಡೆ ಮೆಟ್ಟಿ ನಿಲ್ಲುವ ಬೂಟು ಯಾವುದರಿಂದ ಆದದ್ದು? ಮನುಷ್ಯರು ಪಾದರಕ್ಷೆ ಹೊಲಿಯುವಾಗ ಬೆರಳು, ಹಿಮ್ಮಡಿಯ ಕಡೆ ಕತ್ತರಿಸಿ ಬಿಸಾಡಿದ ಚರ್ಮದ ಚೂರುಗಳಿಂದ. ಆದ್ದರಿಂದ ದೇವತೆಗಳಿಗೆ ನೆರವಾಗಬೇಕೆನ್ನುವವರು ಚೂರುಗಳನ್ನು ಎಸೆಯಬೇಕು. ಶತ್ರುಪಡೆ ಬರುವ ನಗ್ಲ್‌ಫಾರ್ ಹಡಗು ಕಟ್ಟಿರುವುದು ಸತ್ತವರ ಉಗುರಿನಿಂದ. ಹೆಣದ ಉಗುರು ಕತ್ತರಿಸದೆ ಬಿಟ್ಟರೆ ಆ ಹಡಗಿಗೆ ಸಾಮಾನು ಒದಗಿಸಿದಂತೆ. ಕೊನೆ ಬದಲಾಗದು, ಆದರೆ ಬೂಟು ಎಷ್ಟು ದಪ್ಪವಾಗಿರುತ್ತದೆ, ಹಡಗು ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದು ಚಪ್ಪಲಿ ಹೊಲಿಯುವವರ, ಹೆಣ ತೊಳೆಯುವವರ ಕೈಯಲ್ಲಿದೆ. ಹದಿನಾರರ ನಾಯಕಿಗೆ ದೇವರ ಸುತ್ತಿಗೆ ಕೊಡಬೇಕೆಂದೇನಿಲ್ಲ, ಒಂದು ಕತ್ತರಿ ಸಾಕು.

ಉಳಿಯುವವರ ಪಟ್ಟಿಯೂ ನೋಡುವಂಥದ್ದು. ಓಡಿನ್‌ನ ಮಕ್ಕಳಾದ ವಿದಾರ್, ವಾಲಿ. ಥೋರ್‌ನ ಮಕ್ಕಳಾದ ಮೋದಿ, ಮಗ್ನಿ, ಅಪ್ಪನ ಸುತ್ತಿಗೆ ಅವರ ಪಾಲಿಗೆ. ಸಾವಿನಿಂದ ಮರಳುವ ಬಾಲ್ಡರ್, ಅವನನ್ನು ತಿಳಿಯದೆ ಕೊಂದಿದ್ದ ಕುರುಡ ಹೋದ್. ಮರದೊಳಗೆ ಅಡಗಿದ್ದ ಲೀವ್, ಲೀವ್‌ಥ್ರಾಸಿರ್ ಎಂಬ ಇಬ್ಬರು ಮನುಷ್ಯರು. ದೊಡ್ಡವರು ಮಾಡಿದ ಆಣೆ, ಮುರಿದ ಮಾತು, ಕಟ್ಟಿದ ತೋಳ ಎಲ್ಲ ಮುಗಿದ ಮೇಲೆ ಬಯಲಿಗೆ ಬರುವವರಲ್ಲಿ ಹೆಚ್ಚಿನವರು ಅವರ ಮಕ್ಕಳೇ. ‘ವೋಲುಸ್ಪಾ’ ಪದ್ಯದ ಪ್ರಕಾರ ಅವರಿಗೆ ಹುಲ್ಲಿನಲ್ಲಿ ಹಳೆಯ ದೇವತೆಗಳು ಆಡುತ್ತಿದ್ದ ಚಿನ್ನದ ಕಾಯಿಗಳು ಸಿಗುತ್ತವೆ. ಕೊಂದವನೂ ಸತ್ತವನೂ ಒಂದೇ ಮನೆಯಲ್ಲಿ ವಾಸಕ್ಕೆ ನಿಲ್ಲುತ್ತಾರೆ. ಬಿತ್ತದ ಹೊಲ ಬೆಳೆ ಕೊಡುತ್ತದೆ.

ಪದ್ಯ ಅಲ್ಲಿಗೂ ಮುಗಿಯುವುದಿಲ್ಲ. ಕಟ್ಟಕಡೆಯ ಪದ್ಯದಲ್ಲಿ ಕತ್ತಲ ಬೆಟ್ಟದ ಕೆಳಗಿನಿಂದ ನೀದ್‌ಹೋಗ್ ಎಂಬ ಡ್ರ್ಯಾಗನ್ ಎದ್ದು, ರೆಕ್ಕೆಯಲ್ಲಿ ಹೆಣಗಳನ್ನು ಹೊತ್ತು ಹೊಸ ಬಯಲಿನ ಮೇಲೆ ಹಾರಿ ಹೋಗುತ್ತದೆ. ಕಾದಂಬರಿಗಳು ಸಾಮಾನ್ಯವಾಗಿ ಇದಕ್ಕೂ ಒಂದು ಪದ್ಯ ಮೊದಲೇ ಪುಸ್ತಕ ಮುಚ್ಚಿಬಿಡುತ್ತವೆ.